ಚಿಮಣಿಯ ಹೊಗೆ, ತೊಟ್ಟಿಯ ಪಾಚಿ: ಲೆಕ್ಕ ಕೂಡಿಬರುತ್ತಾ?

ಹಸಿರು ನೀರು ತುಂಬಿದ ಗಾಜಿನ ತೊಟ್ಟಿ, ಪಕ್ಕದಲ್ಲಿ ‘ಇದು ಇಷ್ಟು ಮರಗಳಿಗೆ ಸಮ’ ಎಂಬ ಬರಹ. ಪಾಚಿಯಿಂದ ಇಂಗಾಲ ಹಿಡಿಯುವ ಸುದ್ದಿ ಬಂದಾಗಲೆಲ್ಲ ಈ ಚಿತ್ರ ಇದ್ದೇ ಇರುತ್ತದೆ. 2019ರಲ್ಲಿ ಹೈಪರ್‌ಜಯಂಟ್ ಎಂಬ ಅಮೆರಿಕದ ಕಂಪನಿ ತನ್ನ ಪಾಚಿ ಪೆಟ್ಟಿಗೆ ಮರಕ್ಕಿಂತ 400 ಪಟ್ಟು ಚುರುಕು ಎಂದಿತು. 2021ರಲ್ಲಿ ಸರ್ಬಿಯಾದ ಬೆಲ್‌ಗ್ರೇಡ್ ನಗರದ ಬೀದಿಯಲ್ಲಿ 600 ಲೀಟರಿನ ಒಂದು ತೊಟ್ಟಿ ಇಟ್ಟರು. ‘ದ್ರವ ಮರ’ ಎಂದು ಅದು ಜಗತ್ತಿನಾದ್ಯಂತ ಹೆಸರಾಯಿತು. ಹತ್ತು ವರ್ಷದ ಎರಡು ಮರಗಳ ಕೆಲಸವನ್ನು ಅದೊಂದೇ ಮಾಡುತ್ತದೆ ಎಂಬುದು ಅದನ್ನು ರೂಪಿಸಿದವರ ಮಾತು.

ಬೀದಿಯ ತೊಟ್ಟಿ ಚಿಕ್ಕ ವಿಷಯ. ಇದೇ ಯೋಚನೆ ಈಗ ಸಿಮೆಂಟ್ ಕಾರ್ಖಾನೆ, ಉಷ್ಣವಿದ್ಯುತ್ ಸ್ಥಾವರ, ಉಕ್ಕಿನ ಗೂಡುಗಳ ಬಾಗಿಲಿಗೆ ಬಂದಿದೆ. ಚಿಮಣಿಯ ಹೊಗೆಯನ್ನು ಆಕಾಶಕ್ಕೆ ಬಿಡುವ ಬದಲು ಪಾಚಿ ಬೆಳೆಯುವ ನೀರಿಗೆ ಗುಳ್ಳೆಯಾಗಿ ಬಿಡಿ, ಪಾಚಿ ಅದನ್ನು ತಿಂದು ಬೆಳೆಯುತ್ತದೆ, ಆ ಪಾಚಿಯನ್ನು ಮಾರಿ ಕಾಸು ಮಾಡಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಇದರ ಹಿಂದಿನ ವಿಜ್ಞಾನದಲ್ಲಿ ಸುಳ್ಳೇನೂ ಇಲ್ಲ. ತೊಡಕು ಇರುವುದು ಅಳತೆಯಲ್ಲಿ. ಎಷ್ಟು ಜಾಗ, ಎಷ್ಟು ಬೆಳಕು, ಎಷ್ಟು ಗೊಬ್ಬರ, ಎಲ್ಲಕ್ಕಿಂತ ಹೆಚ್ಚಾಗಿ ಎಷ್ಟು ದಿನ ಎಂಬ ಪ್ರಶ್ನೆಗಳಲ್ಲಿ.

ಪಾಚಿ ಮಾಡುವ ಕೆಲಸ

ಇಲ್ಲಿ ಹೇಳುತ್ತಿರುವುದು ಬಾವಿಯ ಗೋಡೆಗೆ ಅಂಟುವ ಪಾಚಿಯನ್ನಲ್ಲ. ಕಣ್ಣಿಗೆ ಒಂದೊಂದಾಗಿ ಕಾಣದ, ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು. ಕ್ಲೋರೆಲ್ಲಾ, ಸ್ಪಿರುಲಿನಾ, ನ್ಯಾನೊಕ್ಲೋರಾಪ್ಸಿಸ್, ಸೀನೆಡೆಸ್ಮಸ್ ಈ ಕ್ಷೇತ್ರದ ಪರಿಚಿತ ಮುಖಗಳು. (ಸ್ಪಿರುಲಿನಾ ನಿಜಕ್ಕೂ ಬ್ಯಾಕ್ಟೀರಿಯಾದ ಜಾತಿ. ಆದರೆ ವ್ಯವಹಾರದಲ್ಲಿ ಎಲ್ಲರೂ ಅದನ್ನು ಪಾಚಿ ಎಂದೇ ಕರೆಯುತ್ತಾರೆ.) ಇವಕ್ಕೆ ಬೇರಿಲ್ಲ, ಕಾಂಡವಿಲ್ಲ, ತೊಗಟೆಯಿಲ್ಲ. ಇಡೀ ದೇಹವೇ ಎಲೆಯಂತೆ ಬೆಳಕು ಹಿಡಿಯುತ್ತದೆ. ಹಾಗಾಗಿ ಒಳ್ಳೆಯ ವಾತಾವರಣ ಸಿಕ್ಕರೆ ಒಂದೇ ದಿನದಲ್ಲಿ ದುಪ್ಪಟ್ಟಾಗುತ್ತವೆ.

ಪಾಚಿಯನ್ನು ಪೂರ್ತಿ ಒಣಗಿಸಿ ತೂಗಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಇಂಗಾಲದ ಡೈಆಕ್ಸೈಡ್‌ನ 44 ಪಾಲು ತೂಕದಲ್ಲಿ ಇಂಗಾಲ 12 ಪಾಲು ಮಾತ್ರ. ಅಂದರೆ ಒಂದು ಕೆಜಿ ಒಣ ಪಾಚಿ ಬೆಳೆಯಬೇಕಾದರೆ ಸುಮಾರು 1.8 ಕೆಜಿ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಿರಬೇಕು. ಈ 1.8 ಎಂಬ ಅಂಕಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಈ ವಿಷಯದ ಯಾವ ಜಾಹೀರಾತನ್ನಾದರೂ ಇದೊಂದರಿಂದಲೇ ಒರೆಗೆ ಹಚ್ಚಬಹುದು.

ಬೆಲ್‌ಗ್ರೇಡ್‌ನ ತೊಟ್ಟಿಯನ್ನೇ ತೆಗೆದುಕೊಳ್ಳೋಣ. ಇಂಥ ತೊಟ್ಟಿಯಲ್ಲಿ ಲೀಟರಿಗೆ ದಿನಕ್ಕೆ 0.3 ಗ್ರಾಂ ಒಣ ಪಾಚಿ ಬೆಳೆಯಿತು ಎಂದುಕೊಂಡರೆ ಅದು ಉದಾರವಾದ ಲೆಕ್ಕವೇ. 600 ಲೀಟರಿಗೆ 180 ಗ್ರಾಂ ಆಯಿತು. ಹಿಡಿದ ಇಂಗಾಲದ ಡೈಆಕ್ಸೈಡ್ ಸುಮಾರು 325 ಗ್ರಾಂ. ಒಬ್ಬ ಮನುಷ್ಯ ದಿನವಿಡೀ ಉಸಿರಾಡಿ ಹೊರಬಿಡುವುದು ಹೆಚ್ಚುಕಡಿಮೆ ಒಂದು ಕೆಜಿ. ತೊಟ್ಟಿಯ ಮುಂದಿನ ಬೆಂಚಿನ ಮೇಲೆ ಇಡೀ ದಿನ ಕೂತವನ ಉಸಿರಿನಲ್ಲಿ ಮೂರರಲ್ಲೊಂದು ಪಾಲಿಗಷ್ಟೇ ಅದು ಸಾಲುತ್ತದೆ.

ಹಾಗಾದರೆ ಮರದ ಜೊತೆಗಿನ ಹೋಲಿಕೆ? ಅದರಲ್ಲಿ ಒಂದು ಜಾಣತನ ಇದೆ. ಮರ ನಿಧಾನಕ್ಕೆ ಬೆಳೆಯುತ್ತದೆ, ಆದರೆ ಬೆಳೆದದ್ದನ್ನು ದಶಕಗಟ್ಟಲೆ ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಪಾಚಿ ಬೇಗ ಬೆಳೆಯುತ್ತದೆ, ಅಷ್ಟೇ ಬೇಗ ಸಾಯುತ್ತದೆ. ಆ ತೊಟ್ಟಿಯ ನೀರಿನಲ್ಲಿ ಯಾವುದೇ ಹೊತ್ತಿಗೆ ಇರುವ ಒಣ ಪಾಚಿ ಹೆಚ್ಚೆಂದರೆ ಒಂದೆರಡು ಕೆಜಿ. ಬೆಳೆದದ್ದನ್ನು ಆಗಾಗ ತೆಗೆದು ಎಲ್ಲಾದರೂ ಭದ್ರವಾಗಿ ಇಡದಿದ್ದರೆ ಅದು ಅಲ್ಲೇ ಕೊಳೆತು, ಹಿಡಿದ ಅನಿಲವನ್ನು ವಾಪಸ್ ಬಿಡುತ್ತದೆ. ಸಮುದ್ರದಲ್ಲೂ ಹೀಗೇ. ಭೂಮಿಯ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಹತ್ತಿರ ಹತ್ತಿರ ಅರ್ಧ ನಡೆಯುವುದು ಕಡಲಿನ ಸೂಕ್ಷ್ಮ ಪಾಚಿಗಳಿಂದ. ಆದರೆ ಜಗತ್ತಿನ ಸಸ್ಯರಾಶಿಯ ತೂಕದಲ್ಲಿ ಅವುಗಳ ಪಾಲು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಬೆಳೆದದ್ದರಲ್ಲಿ ಬಹುಪಾಲನ್ನು ಕೆಲವೇ ದಿನಗಳಲ್ಲಿ ಯಾವುದೋ ಜೀವಿ ತಿಂದು ಉಸಿರಾಗಿ ಬಿಟ್ಟಿರುತ್ತದೆ. ಬೆಳೆಯುವ ವೇಗ ಒಂದು, ಕೂಡಿಟ್ಟ ರಾಶಿ ಇನ್ನೊಂದು. 400 ಪಟ್ಟು ಎನ್ನುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಒಂದು ಸ್ಥಾವರಕ್ಕೆ ಎಷ್ಟು ಪಾಚಿ ಬೇಕು?

ಈಗ ದೊಡ್ಡ ಲೆಕ್ಕಕ್ಕೆ ಬರೋಣ. 500 ಮೆಗಾವಾಟ್‌ನ ಒಂದು ಕಲ್ಲಿದ್ದಲು ವಿದ್ಯುತ್ ಸ್ಥಾವರ ವರ್ಷಕ್ಕೆ ಸುಮಾರು 30 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಗಂಟೆಗೆ ಸರಾಸರಿ 340 ಟನ್.

ಪಾಚಿ ಬೆಳೆಯಲು ಎರಡು ದಾರಿ. ಒಂದು, ಓಟದ ಪಥದ ಆಕಾರದ ತೆರೆದ ಕೊಳ. ಅಂಗೈ ಉದ್ದಕ್ಕಿಂತ ಸ್ವಲ್ಪ ಜಾಸ್ತಿ ಆಳದ ನೀರನ್ನು ಒಂದು ಚಕ್ರ ಸದಾ ತಳ್ಳುತ್ತಾ ಸುತ್ತಿಸುತ್ತಿರುತ್ತದೆ. ಇನ್ನೊಂದು ಮುಚ್ಚಿದ ಬಯೋರಿಯಾಕ್ಟರ್: ಗಾಜು ಅಥವಾ ಪ್ಲಾಸ್ಟಿಕ್ಕಿನ ಕೊಳವೆ, ಚಪ್ಪಟೆ ಫಲಕ, ಇಲ್ಲವೇ ಚೀಲ. ತೆರೆದ ಕೊಳ ಅಗ್ಗ, ಆದರೆ ಅದಕ್ಕೆ ಬೇಡದ ಪಾಚಿ, ಪಾಚಿ ತಿನ್ನುವ ಹುಳ ಎಲ್ಲವೂ ಬಂದು ಸೇರುತ್ತವೆ. ಬಯೋರಿಯಾಕ್ಟರ್ ಶುದ್ಧ, ಹಿಡಿತದಲ್ಲಿರುತ್ತದೆ, ತುಂಬಾ ದುಬಾರಿ.

ತೆರೆದ ಕೊಳದಲ್ಲಿ ವರ್ಷಪೂರ್ತಿ ಸರಾಸರಿ ಒಂದು ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಒಣ ಪಾಚಿ ಸಿಕ್ಕರೆ ಅದು ಒಳ್ಳೆಯ ಬೆಳೆ. ಒಂದು ಹೆಕ್ಟೇರಿಗೆ ದಿನಕ್ಕೆ 200 ಕೆಜಿ. ಅಂದರೆ ವರ್ಷಕ್ಕೆ ಸುಮಾರು 130 ಟನ್ ಇಂಗಾಲದ ಡೈಆಕ್ಸೈಡ್. ನಮ್ಮ ಸ್ಥಾವರದ 30 ಲಕ್ಷ ಟನ್ ಹಿಡಿಯಲು 22,500 ಹೆಕ್ಟೇರ್ ಕೊಳ ಬೇಕು. ಹದಿನೈದು ಕಿಲೋಮೀಟರ್ ಉದ್ದ, ಹದಿನೈದು ಕಿಲೋಮೀಟರ್ ಅಗಲ, ಸಮತಟ್ಟಾದ ನೆಲ. ಒಂದೇ ಒಂದು ಸ್ಥಾವರಕ್ಕೆ! ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾದರೂ ಆ ಕೊಳಗಳಿಂದ ದಿನಕ್ಕೆ 110 ಕೋಟಿ ಲೀಟರಿಗಿಂತ ಜಾಸ್ತಿ ನೀರು ಗಾಳಿಗೆ ಹೋಗುತ್ತದೆ. ಸಮುದ್ರದ ನೀರು ಬಳಸಬಹುದು, ಆಗ ಜಾಗ ಕರಾವಳಿಗೇ ಸೀಮಿತವಾಗುತ್ತದೆ, ಉಪ್ಪಿನ ನಿರ್ವಹಣೆಯೂ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಆದಮೇಲೆ ಕೈಗೆ ಬರುವ ಒಣ ಪಾಚಿ ವರ್ಷಕ್ಕೆ 16 ಲಕ್ಷ ಟನ್. ಇಡೀ ಜಗತ್ತಿನಲ್ಲಿ ಈಗ ವರ್ಷಕ್ಕೆ ಬೆಳೆಯುತ್ತಿರುವ ಸೂಕ್ಷ್ಮ ಪಾಚಿ ಹತ್ತಾರು ಸಾವಿರ ಟನ್ ಮಾತ್ರ. ಒಂದು ಚಿಮಣಿಗೆ ಪರಿಹಾರ ಹುಡುಕಲು ಹೋಗಿ ಜಗತ್ತಿನ ಇಡೀ ಪಾಚಿ ಮಾರುಕಟ್ಟೆಯನ್ನು ಹತ್ತಾರು ಸಲ ಮುಳುಗಿಸುವಷ್ಟು ಸರಕು ತಂದು ಸುರಿದಂತೆ.

‘ಅದಕ್ಕೇ ಅಲ್ಲವೇ ಬಯೋರಿಯಾಕ್ಟರ್? ಅದನ್ನು ಎತ್ತರಕ್ಕೆ ಕಟ್ಟಬಹುದಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಟ್ಟಬಹುದು. ಆದರೆ ಬಿಸಿಲು ಬೀಳುವುದು ನೆಲದ ಲೆಕ್ಕದಲ್ಲಿ, ತೊಟ್ಟಿಯ ಲೆಕ್ಕದಲ್ಲಲ್ಲ. ಒಳ್ಳೆಯ ಬಿಸಿಲಿನ ಜಾಗದಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 20 ಮೆಗಾಜೂಲ್ ಶಕ್ತಿ ಬೀಳುತ್ತದೆ. ಒಂದು ಕೆಜಿ ಒಣ ಪಾಚಿಯಲ್ಲಿ ಅಡಗಿರುವ ಶಕ್ತಿಯೂ ಸುಮಾರು 20 ಮೆಗಾಜೂಲ್. ನೂರಕ್ಕೆ ನೂರು ಬಿಸಿಲನ್ನು ಪಾಚಿಯಾಗಿಸಿದರೆ ಒಂದು ಕೆಜಿ ಸಿಗಬೇಕಿತ್ತು. ಸಿಗುತ್ತಿರುವುದು 20 ಗ್ರಾಂ, ಅಂದರೆ ಶೇ 2. ದ್ಯುತಿಸಂಶ್ಲೇಷಣೆಯ ಸ್ವಭಾವವೇ ಹಾಕಿರುವ ಮೇಲ್ಮಿತಿ ಹೆಚ್ಚೆಂದರೆ ಶೇ 10ರ ಆಸುಪಾಸು. ಬಯೋರಿಯಾಕ್ಟರಿನಲ್ಲಿ ಬೆಳಕನ್ನು ತೆಳುವಾಗಿ ಹರಡಿ ಶೇ 4–5ರವರೆಗೆ ಏರಿಸಬಹುದು. ಆಗ ಜಾಗ ಅರ್ಧಕ್ಕೆ ಇಳಿಯಬಹುದು. ಆ ಅರ್ಧವೂ ನೂರು ಚದರ ಕಿಲೋಮೀಟರ್ ದಾಟುತ್ತದೆ, ಅದನ್ನು ಪೂರ್ತಿ ಗಾಜಿನಿಂದ ತುಂಬಬೇಕು.

ಗಾಜಿನ ಅಳತೆಗೆ ಒಂದು ನಿಜವಾದ ಉದಾಹರಣೆ ಇದೆ. ಜರ್ಮನಿಯ ಕ್ಲೋಟ್ಸೆ ಎಂಬ ಊರಿನಲ್ಲಿ ಸುಮಾರು 2000ನೇ ಇಸವಿಯಿಂದ ಕ್ಲೋರೆಲ್ಲಾ ಬೆಳೆಯುವ ಒಂದು ಘಟಕ ಇದೆ. ದೊಡ್ಡ ಗಾಜಿನ ಮನೆ, ಅದರೊಳಗೆ ಸಾಲು ಸಾಲಾಗಿ ಗಾಜಿನ ಕೊಳವೆಗಳು. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದರೆ ಉದ್ದ ಸುಮಾರು 500 ಕಿಲೋಮೀಟರ್. ಈ ಕ್ಷೇತ್ರದಲ್ಲಿ ಇದು ದೊಡ್ಡ ಸಾಧನೆ ಎಂದೇ ಹೆಸರಾಗಿದೆ. ಇಲ್ಲಿ ವರ್ಷಕ್ಕೆ ಹೆಚ್ಚೆಂದರೆ 150 ಟನ್ ಒಣ ಪಾಚಿ ಬರುತ್ತದೆ ಎಂದು ಇಟ್ಟುಕೊಂಡರೂ ಹಿಡಿದ ಇಂಗಾಲದ ಡೈಆಕ್ಸೈಡ್ 275 ಟನ್ ಅಷ್ಟೇ. 500 ಕಿಲೋಮೀಟರ್ ಗಾಜು ವರ್ಷಪೂರ್ತಿ ದುಡಿದದ್ದನ್ನು ನಮ್ಮ ಕಲ್ಲಿದ್ದಲು ಸ್ಥಾವರ ಒಂದು ಗಂಟೆಯೊಳಗೆ ಉಗುಳಿ ಮುಗಿಸುತ್ತದೆ.

ಇನ್ನು ಎಲ್‌ಇಡಿ ದೀಪ ಹಾಕಿ ಕತ್ತಲ ಕೋಣೆಯಲ್ಲಿ ಬೆಳೆಯುವ ಮಾತು. ಇದನ್ನು ಕೇಳಿದಾಗ ನನಗೆ ನಿಜಕ್ಕೂ ಅಚ್ಚರಿಯಾಗುತ್ತದೆ. ತುಂಬಾ ಒಳ್ಳೆಯ ದೀಪ, ತುಂಬಾ ಒಳ್ಳೆಯ ಪಾಚಿ ಎಂದುಕೊಂಡರೂ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಹಿಡಿಯಲು 10 ಯೂನಿಟ್‌ಗಿಂತ ಜಾಸ್ತಿ ವಿದ್ಯುತ್ ಬೇಕು. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಮಾಡಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು ಒಂದು ಕೆಜಿ. ಒಂದು ಕೆಜಿ ಹಿಡಿಯಲು ಹತ್ತು ಕೆಜಿ ಬಿಟ್ಟ ಹಾಗಾಯಿತು. ಸೌರವಿದ್ಯುತ್ ಬಳಸುತ್ತೇವೆ ಎಂದರೆ, ಆ ವಿದ್ಯುತ್ತನ್ನು ನೇರವಾಗಿ ಗ್ರಿಡ್‌ಗೆ ಕೊಟ್ಟು ಕಲ್ಲಿದ್ದಲು ಉರಿಸುವುದನ್ನೇ ತಪ್ಪಿಸಿದರೆ ಹತ್ತು ಪಟ್ಟು ಲಾಭ.

ಹೊಗೆ ಒಳಗೆ ಹೋದಮೇಲೆ

ಹೊಗೆ ಎಂದರೆ ಬರೀ ಇಂಗಾಲದ ಡೈಆಕ್ಸೈಡ್ ಅಲ್ಲ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಅದರ ಪಾಲು ಶೇ 12ರಿಂದ 15. ನೈಸರ್ಗಿಕ ಅನಿಲದ ಸ್ಥಾವರದಲ್ಲಿ ಇನ್ನೂ ಕಡಿಮೆ, ಶೇ 4ರ ಆಸುಪಾಸು. ಸಿಮೆಂಟ್ ಗೂಡಿನ ಹೊಗೆಯಲ್ಲಿ ಜಾಸ್ತಿ, ಏಕೆಂದರೆ ಅಲ್ಲಿ ಇಂಧನದಿಂದ ಬರುವುದರ ಜೊತೆಗೆ ಸುಣ್ಣದ ಕಲ್ಲು ಒಡೆದಾಗಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಉಳಿದದ್ದರಲ್ಲಿ ಬಹುಪಾಲು ಸುಮ್ನೆ ಬಂದು ಹೋಗುವ ಸಾರಜನಕ. ಅದನ್ನೂ ಸೇರಿಸಿಯೇ ಕಿಲೋಮೀಟರ್‌ಗಟ್ಟಲೆ ಕೊಳವೆಯಲ್ಲಿ ತಳ್ಳಬೇಕು. ತಳ್ಳುವ ಪಂಪಿಗೂ ವಿದ್ಯುತ್ ಬೇಕು.

ಹೊಗೆ ಬಿಸಿ ಇರುತ್ತದೆ, ತಣಿಸಬೇಕು. ಗಂಧಕದ ಆಕ್ಸೈಡ್‌ಗಳು ನೀರನ್ನು ಹುಳಿ ಮಾಡಿ ಪಾಚಿಯನ್ನು ಕೊಲ್ಲಬಲ್ಲವು, ಅವನ್ನು ಮೊದಲೇ ತೊಳೆದು ತೆಗೆಯಬೇಕು. ಸಾರಜನಕದ ಆಕ್ಸೈಡ್‌ಗಳು ಅಷ್ಟು ಕೆಡುಕಲ್ಲ, ಕೆಲವು ಪಾಚಿಗಳು ಅವನ್ನು ಗೊಬ್ಬರದಂತೆ ಬಳಸಿಕೊಳ್ಳುವುದೂ ಉಂಟು. ಕಲ್ಲಿದ್ದಲಿನ ಪಾದರಸ, ಆರ್ಸೆನಿಕ್ ಪಾಚಿಯ ಮೈ ಸೇರಿದರೆ ಆ ಪಾಚಿ ತಿನ್ನಲು ಬಾರದು. ಹೆಚ್ಚು ಇಂಗಾಲದ ಡೈಆಕ್ಸೈಡ್ ತಾಳುವ ತಳಿಗಳಿಗಾಗಿ ಜಪಾನ್ 1990ರ ದಶಕವಿಡೀ ದೊಡ್ಡ ಸಂಶೋಧನೆ ನಡೆಸಿತು. ಬಿಸಿಲನ್ನು ಆಪ್ಟಿಕಲ್ ಫೈಬರ್ ಮೂಲಕ ತೊಟ್ಟಿಯ ಒಳಕ್ಕೆ ಒಯ್ಯುವ ಪ್ರಯೋಗವೂ ಆಯಿತು. ಕೆಲಸ ಮಾಡಿತು, ಆದರೆ ಖರ್ಚು ಕೈಗೆಟುಕಲಿಲ್ಲ.

ಬಯೋರಿಯಾಕ್ಟರಿನ ಕೊಳವೆಯೊಳಗೆ ಇನ್ನೊಂದು ಸಂಕಟ ಇದೆ. ಪಾಚಿ ಬೆಳೆದಷ್ಟೂ ಆಮ್ಲಜನಕ ಬಿಡುತ್ತದೆ. ತೆರೆದ ಕೊಳದಲ್ಲಿ ಅದು ಗಾಳಿಗೆ ಹೋಗುತ್ತದೆ, ಮುಚ್ಚಿದ ಕೊಳವೆಯಲ್ಲಿ ನೀರಿನಲ್ಲೇ ಕೂಡುತ್ತದೆ. ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ರುಬಿಸ್ಕೊ ಎಂಬ ಕಿಣ್ವ ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಹಾಗಾಗಿ ನೀರನ್ನು ಆಗಾಗ ಗಾಳಿ ಬಿಡುವ ಗೋಪುರಕ್ಕೆ ಹರಿಸಿ ಆಮ್ಲಜನಕ ಹೊರಹಾಕಬೇಕು. ಪಾಚಿ ಗೋಡೆಗೆ ಅಂಟದಂತೆ, ತಳಕ್ಕೆ ಕೂರದಂತೆ, ಒಂದರ ನೆರಳು ಇನ್ನೊಂದಕ್ಕೆ ಬೀಳದಂತೆ ನೀರು ಹರಿಯುತ್ತಲೇ ಇರಬೇಕು. ದಟ್ಟವಾದ ಪಾಚಿ ನೀರಿನಲ್ಲಿ ಬೆಳಕು ಕೆಲವೇ ಸೆಂಟಿಮೀಟರ್ ಒಳಗೆ ಇಳಿಯುತ್ತದೆ. ಹೀಗೆ ಪಂಪು ಓಡಿಸಿ ಓಡಿಸಿ, ಕೊಳವೆಯ ಮಾದರಿಯಲ್ಲಿ ಖರ್ಚಾಗುವ ಶಕ್ತಿ ಕೊನೆಗೆ ಪಾಚಿಯಲ್ಲಿ ಸಿಗುವ ಶಕ್ತಿಗಿಂತ ಜಾಸ್ತಿಯಾಗುವುದು ಸಾಮಾನ್ಯ.

ರಾತ್ರಿಯ ವಿಷಯವನ್ನು ಯೋಜನೆಯ ಚಿತ್ರಗಳಲ್ಲಿ ಯಾರೂ ತೋರಿಸುವುದಿಲ್ಲ. ಬಿಸಿಲು ಹೋದಮೇಲೆ ಪಾಚಿ ಅನಿಲ ಹಿಡಿಯುವುದನ್ನು ನಿಲ್ಲಿಸಿ, ಹಗಲು ಕೂಡಿಟ್ಟದ್ದರಲ್ಲಿ ಸ್ವಲ್ಪವನ್ನು ತಾನೇ ಉಸಿರಾಡಿ ಕಳೆಯುತ್ತದೆ. ಚಿಮಣಿಗೆ ರಾತ್ರಿ ಎಂಬುದಿಲ್ಲ. ಮೇಲೆ ಹಾಕಿದ 22,500 ಹೆಕ್ಟೇರಿನ ಲೆಕ್ಕ ರಾತ್ರಿಯ ಹೊಗೆಯನ್ನು ಎಲ್ಲೋ ಕೂಡಿಟ್ಟು ಹಗಲು ಉಣಿಸುತ್ತೇವೆ ಎಂದುಕೊಂಡು ಹಾಕಿದ್ದು. ಅದಿಲ್ಲದಿದ್ದರೆ ಅರ್ಧ ಹೊಗೆ ಹೇಗೂ ಆಕಾಶಕ್ಕೇ. ಇದಕ್ಕೊಂದು ಜಾಣ ಉಪಾಯದ ಮೇಲೆ ಸಂಶೋಧನೆ ನಡೆಯುತ್ತಿದೆ: ಹೊಗೆಯನ್ನು ಕ್ಷಾರದ ದ್ರಾವಣದಲ್ಲಿ ಹೀರಿಸಿ ಬೈಕಾರ್ಬನೇಟ್ ಆಗಿಸಿ, ಅದನ್ನು ತೊಟ್ಟಿಯಲ್ಲಿಟ್ಟು ಹಗಲಲ್ಲಿ ಸ್ಪಿರುಲಿನಾದಂಥ ಕ್ಷಾರಪ್ರಿಯ ಜೀವಿಗಳಿಗೆ ಕೊಡುವುದು. ಈ ಕ್ಷೇತ್ರದಲ್ಲಿ ನನಗೆ ನಿಜಕ್ಕೂ ಭರವಸೆ ಹುಟ್ಟಿಸುವ ಕೆಲವೇ ದಾರಿಗಳಲ್ಲಿ ಇದೂ ಒಂದು. ಅನಿಲವನ್ನು ದೂರಕ್ಕೆ ತಳ್ಳುವ ತೊಂದರೆಯೂ ಇದರಿಂದ ತಗ್ಗುತ್ತದೆ.

ಕೊಯ್ಲು ಬೇರೆಯೇ ತಲೆನೋವು. ತೆರೆದ ಕೊಳದ ನೀರು ಹಸಿರಾಗಿ ಕಂಡರೂ ಲೀಟರಿಗೆ ಅರ್ಧ ಗ್ರಾಂ ಪಾಚಿ ಇದ್ದರೆ ಹೆಚ್ಚು. ಒಂದು ಕೆಜಿ ಒಣ ಪಾಚಿಗೆ 2,000 ಲೀಟರ್ ನೀರು ಸೋಸಬೇಕು. ಕ್ಲೋರೆಲ್ಲಾದಂಥ ಪಾಚಿಯ ಕಣಗಳು ಎಷ್ಟು ಸಣ್ಣವೆಂದರೆ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊದಲು ಏನನ್ನಾದರೂ ಬೆರೆಸಿ ಗುಂಪುಗೂಡಿಸಿ ತೇಲಿಸಬೇಕು, ಆಮೇಲೆ ಸೆಂಟ್ರಿಫ್ಯೂಜ್ ಎಂಬ ರಭಸವಾಗಿ ಸುತ್ತುವ ಯಂತ್ರದಲ್ಲಿ ತಿರುಗಿಸಬೇಕು. ಅಷ್ಟಾದಮೇಲೂ ಸಿಗುವುದು ನೂರಕ್ಕೆ ಎಂಬತ್ತು ಪಾಲು ನೀರಿರುವ ಹಸಿರು ಮುದ್ದೆ. ಅದರಲ್ಲಿ ಒಂದು ಕೆಜಿ ಒಣ ಪಾಚಿಯ ಜೊತೆಗೆ ನಾಲ್ಕು ಕೆಜಿ ನೀರು. ಆ ನೀರನ್ನು ಆವಿ ಮಾಡಲು ಕನಿಷ್ಠ 9 ಮೆಗಾಜೂಲ್ ಶಾಖ ಬೇಕು. ಪಾಚಿಯಲ್ಲಿ ಇರುವುದೇ 20. ಇಂಧನಕ್ಕಾಗಿ ಪಾಚಿ ಬೆಳೆಯುವವರ ಲೆಕ್ಕಪುಸ್ತಕ ಇಲ್ಲೇ ಅಳಲು ಶುರುಮಾಡುತ್ತದೆ.

ಗೊಬ್ಬರವನ್ನು ಮರೆಯುವಂತಿಲ್ಲ. ಪಾಚಿ ಗಾಳಿ ಕುಡಿದೇ ಬದುಕುವುದಿಲ್ಲ. ಒಣ ತೂಕದಲ್ಲಿ ಶೇ 7ರಷ್ಟು ಸಾರಜನಕ, ಶೇ 1ರ ಸುಮಾರು ರಂಜಕ ಬೇಕು. ನಮ್ಮ 16 ಲಕ್ಷ ಟನ್ ಪಾಚಿಗೆ ಬೇಕಾದ ಸಾರಜನಕವನ್ನು ಯೂರಿಯಾದಿಂದ ಕೊಡುವುದಾದರೆ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಯೂರಿಯಾ ಸುರಿಯಬೇಕು. ಆ ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸುವಾಗಲೇ, ಟನ್ ಅಮೋನಿಯಾಕ್ಕೆ ಎರಡು ಟನ್ ಲೆಕ್ಕದಲ್ಲಿ, ಸುಮಾರು 2.8 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಬೇರೊಂದು ಚಿಮಣಿಯಿಂದ ಹೊರಗೆ ಹೋಗಿರುತ್ತದೆ. ಹಿಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ಅಲ್ಲಿಗೇ ವಜಾ.

ಅರವತ್ತು ವರ್ಷ ಹಳೆಯ ಹೊಸತು

ಪ್ರತಿ ಹತ್ತು ವರ್ಷಕ್ಕೊಮ್ಮೆ ಇದು ಹೊಸ ಆವಿಷ್ಕಾರ ಎಂದು ಸುದ್ದಿಯಾಗುತ್ತದೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಓಸ್ವಾಲ್ಡ್ ಮತ್ತು ಕ್ಲಾರೆನ್ಸ್ ಗೊಲುಯೆಕೆ 1960ರಲ್ಲೇ ಇದನ್ನು ಬರೆದಿಟ್ಟಿದ್ದರು. ದೊಡ್ಡ ಕೊಳಗಳಲ್ಲಿ ಪಾಚಿ, ಅದರಿಂದ ಮೀಥೇನ್, ಅದನ್ನು ಉರಿಸಿ ವಿದ್ಯುತ್, ಆ ಹೊಗೆ ಮತ್ತೆ ಕೊಳಕ್ಕೆ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿ ಕಾರ್ಯಕ್ರಮವನ್ನೇ ನಡೆಸಿತು. ನ್ಯೂ ಮೆಕ್ಸಿಕೊದ ರಾಸ್‌ವೆಲ್‌ನಲ್ಲಿ ಸಾವಿರ ಚದರ ಮೀಟರಿನ ಕೊಳಗಳಲ್ಲಿ ಪರೀಕ್ಷೆ ಮಾಡಿದರು. ಕೊಳಕ್ಕೆ ಕೊಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 90ಕ್ಕಿಂತ ಹೆಚ್ಚನ್ನು ಬಳಕೆಗೆ ತರಬಹುದು ಎಂದು ಅಲ್ಲಿ ಸಾಬೀತಾಯಿತು. ಚಳಿಯ ರಾತ್ರಿಗಳಿಂದಾಗಿ ಸರಾಸರಿ ಬೆಳೆ ಮಾತ್ರ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಹತ್ತಿರವೇ ನಿಂತಿತು. ನಾನು ಮೇಲೆ ಬಳಸಿದ 20 ಗ್ರಾಂ ಅದರ ಎರಡರಷ್ಟು, ಗಮನಿಸಿ.

2001ರಲ್ಲಿ ಐಸಾಕ್ ಬರ್ಜಿನ್ ಅಮೆರಿಕದಲ್ಲಿ ಗ್ರೀನ್‌ಫ್ಯುಯೆಲ್ ಎಂಬ ಕಂಪನಿ ಕಟ್ಟಿದರು. ಚಿಮಣಿಗೆ ಬಯೋರಿಯಾಕ್ಟರ್ ಜೋಡಿಸುವುದೇ ಅದರ ವ್ಯಾಪಾರ. ಅರಿಜೋನಾದ ರೆಡ್‌ಹಾಕ್ ವಿದ್ಯುತ್ ಸ್ಥಾವರದ ಬಳಿ ಪ್ರಯೋಗ ನಡೆಯಿತು. 2007ರಲ್ಲಿ ಅಲ್ಲಿ ಎದುರಾದ ಸಮಸ್ಯೆ ಕೇಳಿದರೆ ನಗು ಬರುತ್ತದೆ: ಪಾಚಿ ಕೊಯ್ಯುವ ವೇಗಕ್ಕಿಂತ ಬೆಳೆಯುವ ವೇಗವೇ ಜಾಸ್ತಿಯಾಗಿ ತಾವೇ ಉಸಿರುಗಟ್ಟಿ ಸತ್ತವು. ಖರ್ಚು ಅಂದುಕೊಂಡದ್ದಕ್ಕಿಂತ ಎರಡು ಪಟ್ಟಾಗುತ್ತದೆ ಎಂದೂ ತಿಳಿಯಿತು. 2009ರಲ್ಲಿ ಕಂಪನಿ ಬಾಗಿಲು ಹಾಕಿತು. ಅದೇ ವರ್ಷ ತೈಲ ಕಂಪನಿ ಎಕ್ಸಾನ್‌ಮೊಬಿಲ್ ಪಾಚಿ ಇಂಧನಕ್ಕೆ 60 ಕೋಟಿ ಡಾಲರ್‌ವರೆಗೆ ಸುರಿಯುವುದಾಗಿ ಹೇಳಿತ್ತು. 2023ರ ಹೊತ್ತಿಗೆ ಅದೂ ಕೈಬಿಟ್ಟಿತು.

ಪಾಚಿ ವಿಫಲವಾಯಿತು ಎಂದು ಇವು ಹೇಳುವುದಿಲ್ಲ. ಪಾಚಿ ತನ್ನ ಪಾಡಿಗೆ ಚೆನ್ನಾಗಿಯೇ ಬೆಳೆಯಿತು. ಅದರ ಮೇಲೆ ಹೊರಿಸಿದ ಕೆಲಸ ತಪ್ಪಾಗಿತ್ತು.

ಹಿಡಿದದ್ದು ಎಲ್ಲಿ ಹೋಗುತ್ತದೆ?

ಇದೇ ನನ್ನ ಮುಖ್ಯ ತಕರಾರು. ಪಾಚಿ ಇಂಗಾಲವನ್ನು ಕೊಳ್ಳುವುದಿಲ್ಲ, ಕೈಸಾಲ ಪಡೆಯುತ್ತದೆ. ಪಾಚಿಯನ್ನು ಡೀಸೆಲ್ ಮಾಡಿ ಲಾರಿಗೆ ಹಾಕಿದರೆ ಆ ವಾರವೇ ಸಾಲ ತೀರಿತು. ಮೀನಿಗೆ, ಕೋಳಿಗೆ ಮೇವಾಗಿ ಕೊಟ್ಟರೆ ಕೆಲವು ತಿಂಗಳಲ್ಲಿ ಉಸಿರಾಗಿ ವಾಪಸ್. ಗೊಬ್ಬರ ಮಾಡಿ ಹೊಲಕ್ಕೆ ಹಾಕಿದರೂ ಬಹುಪಾಲು ಕೆಲವೇ ವರ್ಷದಲ್ಲಿ ಗಾಳಿಗೆ. ಕಲ್ಲಿದ್ದಲಿನಲ್ಲಿ ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ ಒಂದು ಸಣ್ಣ ಸುತ್ತು ಹಾಕಿ ಆಕಾಶ ಸೇರಿತು, ಅಷ್ಟೇ.

ಇದಕ್ಕೆ ಪಾಚಿಯ ಕಡೆಯವರ ಉತ್ತರವೂ ಇದೆ. ಪಾಚಿ ಡೀಸೆಲ್ ಬಳಸಿದಷ್ಟು ನೆಲದ ಡೀಸೆಲ್ ಉಳಿಯಿತಲ್ಲ? ಪಾಚಿ ಮೇವು ಬಂದರೆ ಸೋಯಾಕ್ಕಾಗಿ ಕಡಿಯುವ ಕಾಡು ಉಳಿಯಿತಲ್ಲ? ಈ ಮಾತಿನಲ್ಲಿ ಹುರುಳಿದೆ. ಆದರೆ ಆ ಉಳಿತಾಯವನ್ನು ಒಬ್ಬರೇ ಲೆಕ್ಕಕ್ಕೆ ಹಿಡಿಯಬೇಕು. ಸಿಮೆಂಟ್ ಕಂಪನಿ ‘ನನ್ನ ಹೊಗೆ ಕಡಿಮೆಯಾಯಿತು’ ಎನ್ನುವುದು, ಮೇವಿನ ಕಂಪನಿ ‘ನನ್ನ ಮೇವು ಇಂಗಾಲಮುಕ್ತ’ ಎನ್ನುವುದು, ಒಂದೇ ಕಿಲೋವನ್ನು ಇಬ್ಬರೂ ಜಮಾ ಮಾಡಿಕೊಳ್ಳುವುದು ನಡೆಯುವುದಿಲ್ಲ.

ಹೋಲಿಕೆಗೆ ಅಮೈನ್ ದ್ರಾವಣದ ವಿಧಾನ ನೋಡಿ. ಹೊಗೆಯನ್ನು ಒಂದು ಗೋಪುರದೊಳಗೆ ಈ ರಾಸಾಯನಿಕದ ಮಳೆಯಲ್ಲಿ ಹಾಯಿಸುತ್ತಾರೆ, ಅದು ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಆಮೇಲೆ ಕಾಯಿಸಿ ಶುದ್ಧ ಅನಿಲವನ್ನು ಬಿಡಿಸಿಕೊಳ್ಳುತ್ತಾರೆ. ಒಂದು ಕೆಜಿಗೆ ಸುಮಾರು ಒಂದು ಯೂನಿಟ್‌ನಷ್ಟು ಶಾಖ ಬೇಕು. ಅದೂ ಅಗ್ಗವಲ್ಲ, ತೊಂದರೆ ಇಲ್ಲದ್ದೂ ಅಲ್ಲ. ಆದರೆ ಕಾರ್ಖಾನೆಯ ಅಂಗಳದಲ್ಲೇ ಹಿಡಿಸುತ್ತದೆ, ಹಗಲು ರಾತ್ರಿ ನಡೆಯುತ್ತದೆ. ಬಂದ ಅನಿಲವನ್ನು ನೆಲದಡಿಯ ಬಂಡೆಗೆ ಇಳಿಸಿದರೆ ಅಲ್ಲೇ ಉಳಿಯುತ್ತದೆ. ನಾರ್ವೆಯ ಸ್ಲೈಪ್ನರ್ ಎಂಬ ಕಡಲ ಅನಿಲ ಕ್ಷೇತ್ರದಲ್ಲಿ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು 1996ರಿಂದ ಸಮುದ್ರದ ತಳದಡಿ ಹೀಗೇ ಇಳಿಸುತ್ತಾ ಬಂದಿದ್ದಾರೆ.

ಪಾಚಿಯನ್ನೇ ಹೂಳಬಹುದಲ್ಲ? ಹೂಳಬಹುದು. ಬ್ರಿಲಿಯಂಟ್ ಪ್ಲಾನೆಟ್ ಎಂಬ ಕಂಪನಿ ಮೊರಾಕ್ಕೊದ ಕರಾವಳಿಯಲ್ಲಿ ಸಮುದ್ರದ ನೀರಿನಲ್ಲಿ ಪಾಚಿ ಬೆಳೆದು, ಒಣಗಿಸಿ, ಮರುಭೂಮಿಯ ಮರಳಿನಡಿ ಹೂಳುವ ಯೋಜನೆ ಹಾಕಿಕೊಂಡಿದೆ. ಅದು ಚಿಮಣಿಯ ಹೊಗೆಯನ್ನು ನೆಚ್ಚಿಕೊಂಡಿಲ್ಲ ಎಂಬುದು ಕುತೂಹಲದ ವಿಷಯ. ಹೂತರೆ ಇಂಗಾಲ ಉಳಿಯುತ್ತದೆ, ಆದರೆ ಪಾಚಿ ಮಾರಿ ಬರುವ ಕಾಸು ಹೋಗುತ್ತದೆ. ಗೊಬ್ಬರವೂ ಅದರ ಜೊತೆಗೇ ಮಣ್ಣುಪಾಲು.

ಹಾಗಾದರೆ ಎಲ್ಲಿ ಕೂಡಿಬರುತ್ತದೆ?

ಜಪಾನಿನ ಸಾಗಾ ನಗರದಲ್ಲಿ. ಅಲ್ಲಿನ ಕಸ ಸುಡುವ ಘಟಕದಲ್ಲಿ 2016ರಿಂದ ದಿನಕ್ಕೆ 10 ಟನ್‌ವರೆಗೆ ಇಂಗಾಲದ ಡೈಆಕ್ಸೈಡ್ ಹಿಡಿಯುತ್ತಾರೆ. ಅದನ್ನು ಪಕ್ಕದ ಪಾಚಿ ಘಟಕಕ್ಕೆ ಮಾರುತ್ತಾರೆ. ಅಲ್ಲಿ ಹೆಮಟೊಕಾಕಸ್ ಎಂಬ ಪಾಚಿಯಿಂದ ಅಸ್ಟಾಕ್ಸಾಂಥಿನ್ ಎಂಬ ಕೆಂಪು ವಸ್ತು ತೆಗೆಯುತ್ತಾರೆ. ಸೌಂದರ್ಯವರ್ಧಕಗಳಿಗೆ, ಆರೋಗ್ಯಪೂರಕಗಳಿಗೆ ಹೋಗುವ ತುಂಬಾ ಬೆಲೆಬಾಳುವ ಸರಕು ಅದು. ಪಾಚಿಯೇ ಹೊಗೆ ಹಿಡಿಯುವ ಯಶಸ್ಸಿನ ಕಥೆ ಎಂದು ಸಾಗಾವನ್ನು ಹಲವರು ಉದಾಹರಿಸುತ್ತಾರೆ. ಹತ್ತಿರ ಹೋಗಿ ನೋಡಿದರೆ ಚಿಮಣಿಯಿಂದ ಅನಿಲ ಹಿಡಿಯುತ್ತಿರುವುದು ಪಾಚಿಯಲ್ಲ, ಅಮೈನ್ ಗೋಪುರ. ಪಾಚಿ ಅಲ್ಲಿ ಗಿರಾಕಿ.

ಆ ಪಾತ್ರದಲ್ಲಿ ಪಾಚಿಗೆ ಒಳ್ಳೆಯ ಭವಿಷ್ಯ ಇದೆ ಅಂತ ನನಗನಿಸುತ್ತದೆ. ಪಾಚಿ ಬೆಳೆಯುವವರು ಇಂಗಾಲದ ಡೈಆಕ್ಸೈಡನ್ನು ದುಡ್ಡು ಕೊಟ್ಟು ತರುತ್ತಾರೆ, ಅದು ಅವರ ದೊಡ್ಡ ಖರ್ಚುಗಳಲ್ಲಿ ಒಂದು. ಪಕ್ಕದಲ್ಲೇ ಸ್ವಚ್ಛವಾದ ಮೂಲ ಸಿಕ್ಕರೆ ಅವರಿಗೆ ಲಾಭ. ಅದಕ್ಕೆ ಕಲ್ಲಿದ್ದಲಿನ ಹೊಗೆಗಿಂತ ಬಿಯರ್ ಅಥವಾ ಎಥನಾಲ್ ತಯಾರಿಕೆಯ ಹುದುಗಿನ ಅನಿಲ ಸಾವಿರ ಪಾಲು ಮೇಲು. ಅದು ಹೆಚ್ಚುಕಡಿಮೆ ಶುದ್ಧ, ಪಾದರಸದ ಭಯವಿಲ್ಲ. ಕೊಳಚೆ ನೀರಿನ ಶುದ್ಧೀಕರಣ ಇನ್ನೊಂದು ಜಾಗ. ಅಲ್ಲಿ ಸಾರಜನಕ, ರಂಜಕ ಬೇಡವೆಂದರೂ ಸಿಗುತ್ತವೆ, ಅವನ್ನು ತೆಗೆಯಲೆಂದೇ ಖರ್ಚು ಮಾಡುತ್ತಾರೆ. ಪಾಚಿ ಆ ಗೊಬ್ಬರವನ್ನು ತಿಂದು ನೀರಿಗೆ ಆಮ್ಲಜನಕ ಕೊಡುತ್ತದೆ. ಯೂರಿಯಾದ ಲೆಕ್ಕ ಅಲ್ಲಿಗೆ ಉಲ್ಟಾ ಆಗುತ್ತದೆ. ಓಸ್ವಾಲ್ಡ್ 1950ರ ದಶಕದಲ್ಲಿ ಪಾಚಿ ಕೊಳಗಳನ್ನು ರೂಪಿಸಲು ಹೊರಟದ್ದೇ ಕೊಳಚೆ ನೀರಿಗಾಗಿ.

ಕಾರ್ಖಾನೆಗಳಿಗೆ ಇದರಿಂದ ಸಿಗುವ ರಿಯಾಯಿತಿಯ ವಿಷಯದಲ್ಲಿ ಯುರೋಪಿಯನ್ ಒಕ್ಕೂಟ ಈಗಾಗಲೇ ಗೆರೆ ಎಳೆದಿದೆ. ಅಲ್ಲಿನ ಕಾರ್ಖಾನೆಗಳು ಹೊರಬಿಟ್ಟ ಪ್ರತಿ ಟನ್ನಿಗೂ ಪರವಾನಗಿ ಒಪ್ಪಿಸಬೇಕು. ಹಿಡಿದ ಇಂಗಾಲ ಯಾವುದಾದರೂ ವಸ್ತುವಿನಲ್ಲಿ ಕನಿಷ್ಠ ಹಲವು ಶತಮಾನ ಬಂದಿಯಾಗಿ ಉಳಿದರೆ ಮಾತ್ರ ಆ ಟನ್ನಿಗೆ ವಿನಾಯಿತಿ ಎಂದು 2024ರ ನಿಯಮ ಹೇಳುತ್ತದೆ. ಕಟ್ಟಡ ಸಾಮಗ್ರಿಯಲ್ಲಿ ಕಲ್ಲಿನಂತೆ ಕಾರ್ಬನೇಟ್ ಆಗಿ ಸೇರಿದ ಇಂಗಾಲಕ್ಕೆ ಅದರಲ್ಲಿ ಜಾಗ ಇದೆ. ಮೀನಿನ ಮೇವಿಗೆ, ಮುಖದ ಕ್ರೀಮಿಗೆ, ಪಾಚಿ ಡೀಸೆಲ್‌ಗೆ ಇಲ್ಲ. ಅಲ್ಲಿನ ಸಿಮೆಂಟ್ ಕಂಪನಿ ಚಿಮಣಿ ಪಕ್ಕ ಪಾಚಿ ಬೆಳೆದು ಮೇವಾಗಿ ಮಾರಿದರೂ ಪರವಾನಗಿಯ ದುಡ್ಡು ಕಟ್ಟಲೇಬೇಕು. ಪಾಚಿಯ ಖರ್ಚನ್ನು ಪಾಚಿಯ ಮಾರಾಟದಿಂದಲೇ ಎತ್ತಬೇಕು.